ಆಲ್ಜಿನೇಟ್ ಮಣಿ: ನೇರ ವಿಧಾನವೋ, ಉಲ್ಟಾ ವಿಧಾನವೋ?

ಸೋಡಿಯಂ ಆಲ್ಜಿನೇಟ್ ಅಂದರೆ ಕಂದು ಕಡಲಪಾಚಿಯಿಂದ ತೆಗೆಯುವ ಪುಡಿ. ನೀರಲ್ಲಿ ಕರಗಿಸಿ ಕ್ಯಾಲ್ಸಿಯಂ ತಾಗಿಸಿದರೆ ಸಾಕು, ಒಲೆ ಹಚ್ಚದೆಯೇ ಜೆಲ್ ಆಗುತ್ತದೆ. ಬಾಯಲ್ಲಿ ಪಟ್ ಅಂತ ಒಡೆಯುವ ಹಣ್ಣಿನ ರಸದ ಗುಳ್ಳೆಗಳನ್ನು ಮಾಡುವುದು ಇದರಿಂದಲೇ. ಬಯೋಟೆಕ್ ಪ್ರಾಕ್ಟಿಕಲ್‌ನಲ್ಲಿ ಯೀಸ್ಟ್ ಕೂಡಿಹಾಕುವುದೂ ಇದರೊಳಗೇ. ಎರಡೂ ಕಡೆ ಕೈಯಾಡಿಸಿದ ಮೇಲೆ ನನಗನ್ನಿಸಿದ್ದು ಇಷ್ಟು: ಕ್ಯಾಲ್ಸಿಯಂ ಹೊರಗಿನಿಂದ ಒಳಗೆ ಹೋಗುತ್ತದೋ, ಒಳಗಿನಿಂದ ಹೊರಗೆ ಬರುತ್ತದೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನೇರ ವಿಧಾನದಲ್ಲಿ ರಸಕ್ಕೆ ಆಲ್ಜಿನೇಟ್ ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿಹನಿಯಾಗಿ ಬಿಡುವುದು. ಸ್ಪೇನ್‌ನ ಎಲ್ ಬುಯಿ ರೆಸ್ಟೋರೆಂಟ್ 2003ರಲ್ಲಿ ಜನಪ್ರಿಯ ಮಾಡಿದ್ದು ಇದನ್ನೇ. ಮಾವಿನ ರಸದಲ್ಲಿ ನೋಡಲು ಚೆಂದವೋ ಚೆಂದ. ಸಿರಿಂಜ್‌ನಿಂದ ಬಿದ್ದ ಹನಿ ಕ್ಷಣದಲ್ಲಿ ಸಾಬಕ್ಕಿಯ ಹಾಗೆ ದುಂಡಗಾಗುತ್ತದೆ. ತೊಂದರೆ ಏನೆಂದರೆ, ತೊಳೆದು ತೆಗೆದ ಮೇಲೂ ಕ್ಯಾಲ್ಸಿಯಂ ಒಳಗೆ ಇಳಿಯುತ್ತಲೇ ಇರುತ್ತದೆ. ನೆಂಟರು ಕೈ ತೊಳೆದು ಬರುವಷ್ಟರಲ್ಲಿ ರಸದ ಗುಳ್ಳೆ ಗಟ್ಟಿ ಗುಂಡು! ಕ್ಲೋರೈಡ್‌ನ ಕಹಿಯೂ ಸ್ವಲ್ಪ ಉಳಿಯುತ್ತದೆ.

ಪುನರ್ಪುಳಿಗಂತೂ ಈ ದಾರಿ ಬೇಡ. ಹುಳಿ ಜಾಸ್ತಿಯಾದರೆ ಆಲ್ಜಿನೇಟ್ ಕರಗಿ ನಿಲ್ಲುವುದಿಲ್ಲ, ಗಂಟುಗಂಟಾಗುತ್ತದೆ. ಸೋಡಿಯಂ ಸಿಟ್ರೇಟ್ ಹಾಕಿ ಹುಳಿ ಇಳಿಸಬಹುದು, ಆದರೆ ಹುಳಿಯೇ ಇಲ್ಲದ ಪುನರ್ಪುಳಿ ಯಾರಿಗೆ ಬೇಕು?

ಉಲ್ಟಾ ವಿಧಾನದಲ್ಲಿ ರಸಕ್ಕೆ ಕ್ಯಾಲ್ಸಿಯಂ ಲ್ಯಾಕ್ಟೇಟ್ ಬೆರೆಸಿ, ಆಲ್ಜಿನೇಟ್ ನೀರಿಗೆ ಬಿಡಬೇಕು. ಪೊರೆ ಹೊರಮುಖವಾಗಿ ಬೆಳೆಯುತ್ತದೆ. ತೆಗೆದು ತೊಳೆದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಒಳಗಿನ ರಸ ರಸವಾಗಿಯೇ ಉಳಿಯುತ್ತದೆ. ಲ್ಯಾಕ್ಟೇಟ್‌ಗೆ ರುಚಿ ಇಲ್ಲವೆಂದೇ ಹೇಳಬಹುದು. ಪುನರ್ಪುಳಿ ಇದರಲ್ಲಿ ಗೆದ್ದಿತು, ಆದರೆ ತೆಳ್ಳಗಿನ ರಸವಾದ್ದರಿಂದ ಚಿಟಿಕೆ ಕ್ಸಾಂಥನ್ (ಮಂದ ಮಾಡುವ ಅಂಟು ಪುಡಿ) ಹಾಕಿ ಮಂದ ಮಾಡಬೇಕಾಯಿತು. ಮೊಸರು ಇನ್ನೂ ಸುಲಭ. ಅದರಲ್ಲೇ ಕ್ಯಾಲ್ಸಿಯಂ ಇದೆ, ಸ್ವಲ್ಪ ಲ್ಯಾಕ್ಟೇಟ್ ಸೇರಿಸಿದರೆ ಪೊರೆ ಚೆನ್ನಾಗಿ ಬರುತ್ತದೆ. ಕೆಲಸ ಮಾತ್ರ ಜಾಸ್ತಿ. ಆಲ್ಜಿನೇಟ್ ನೀರನ್ನು ಮಿಕ್ಸಿಯಲ್ಲಿ ತಿರುಗಿಸಿ, ಗಾಳಿಗುಳ್ಳೆ ಹೋಗಲೆಂದು ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡಬೇಕು. ರಸದ ಗುಳ್ಳೆಗಳು ಒಂದಕ್ಕೊಂದು ತಾಗಿದರೆ ಅಂಟಿಕೊಳ್ಳುತ್ತವೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಆ ಗಡಸು ನೀರಿನ ಕ್ಯಾಲ್ಸಿಯಂಗೇ ಆಲ್ಜಿನೇಟ್ ಹೆಪ್ಪುಗಟ್ಟಲು ಶುರುವಾಗುತ್ತದೆ. ಆರ್‌ಓ ನೀರೇ ಗತಿ.

ಯೀಸ್ಟ್ ವಿಷಯಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಅಲ್ಲಿ ಮಣಿ ನಡುವಿನವರೆಗೂ ಗಟ್ಟಿಯಾಗಬೇಕು, ಜೀವಕೋಶ ಸೋರಬಾರದು. ಹಾಗಾಗಿ ನೇರ ವಿಧಾನವೇ ಸರಿ. 2% ಆಲ್ಜಿನೇಟ್‌ಗೆ ಯೀಸ್ಟ್ ಕಲಸಿ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಹನಿಸಿ, ಅರ್ಧ ಗಂಟೆ ಅಲ್ಲೇ ಬಿಟ್ಟರಾಯಿತು. ಆಮೇಲೆ ಸಕ್ಕರೆ ನೀರಿಗೆ ಹಾಕಿ ನೋಡಿ. ಮಣಿಯ ಮೈಮೇಲೆ ಸಣ್ಣ ಗುಳ್ಳೆಗಳು ಕೂತು, ಒಂದೊಂದೇ ಮಣಿ ಮೇಲಕ್ಕೆ ತೇಲುತ್ತದೆ. ಒಳಗಿರುವವರು ಬದುಕಿದ್ದಾರೆ ಅಂತ ಅರ್ಥ, ಅಲ್ವಾ? ಆದರೆ ಮಣಿಗಳನ್ನು ಫಾಸ್ಫೇಟ್ ಬಫರ್‌ನಲ್ಲಿ (ಹುಳಿ-ಕ್ಷಾರದ ಮಟ್ಟ ಏರುಪೇರಾಗದಂತೆ ಕಾಯುವ ಲ್ಯಾಬ್ ದ್ರಾವಣ) ತೊಳೆಯಬೇಡಿ. ಫಾಸ್ಫೇಟ್ ಕ್ಯಾಲ್ಸಿಯಂ ಎಳೆದುಕೊಂಡು ಮಣಿ ಉಬ್ಬಿ ಸಡಿಲವಾಗುತ್ತದೆ. ಸಿಟ್ರೇಟ್ ಅಂತೂ ಕರಗಿಸಿಯೇ ಬಿಡುತ್ತದೆ. ಕೋಶಗಳನ್ನು ವಾಪಸ್ ತೆಗೆಯಬೇಕಾದಾಗ ಇದೇ ಉಪಾಯ.

ಅಗರ್, ಅಂದರೆ ಚೈನಾ ಗ್ರಾಸ್, ಅಗ್ಗ ಮತ್ತು ಸುಲಭ. ಬಿಸಿ ರಸದಲ್ಲಿ ಕರಗಿಸಿ ತಣ್ಣನೆಯ ಎಣ್ಣೆಗೆ ಹನಿಸಿದರೆ ಮಣಿ. ಆದರೆ ಪಟ್ ಅಂತ ಒಡೆಯುವ ಮಜಾ ಇಲ್ಲ. ಯೀಸ್ಟ್‌ಗೆ ಅಗರ್ ಬಳಸುವುದಾದರೆ ಕಾಯಿಸಿದ್ದು ತಕ್ಕಮಟ್ಟಿಗೆ ಆರುವವರೆಗೆ ಕಾದು, ಹೆಪ್ಪುಗಟ್ಟುವ ಮೊದಲೇ ಕಲಸಬೇಕು. ಆ ಅವಸರ ನನಗೆ ಹಿಡಿಸಲಿಲ್ಲ. ಆಲ್ಜಿನೇಟ್‌ಗೆ ಶಾಖವೇ ಬೇಡ. ಲಿಮ್ ಮತ್ತು ಸನ್ ಎಂಬ ಸಂಶೋಧಕರು 1980ರಲ್ಲಿ ಇನ್ಸುಲಿನ್ ತಯಾರಿಸುವ ಕೋಶಗುಚ್ಛಗಳನ್ನು ಆಲ್ಜಿನೇಟ್‌ನಲ್ಲಿ ಕೂಡಿಹಾಕಿ, ಪಾಲಿಲೈಸಿನ್ (ಲೈಸಿನ್ ಎಂಬ ಅಮೈನೋ ಆಮ್ಲದ ಸರಪಳಿ) ಪೊರೆ ಹೊದಿಸಿ ಮಧುಮೇಹದ ಇಲಿಗಳಿಗೆ ಹಾಕಿದ್ದರು. ಗ್ಲೂಕೋಸ್ ಒಳಗೆ, ಇನ್ಸುಲಿನ್ ಹೊರಗೆ, ದೇಹದ ರೋಗನಿರೋಧಕ ಕೋಶಗಳಿಗೆ ಮಾತ್ರ ಪ್ರವೇಶವಿಲ್ಲ.

ಮನೆಗೆ ಒಂದೇ ಕ್ಯಾಲ್ಸಿಯಂ ತರುವುದಾದರೆ ಲ್ಯಾಕ್ಟೇಟ್ ತನ್ನಿ, ಫುಡ್ ಗ್ರೇಡ್ ಅಂತ ನೋಡಿ. ಲ್ಯಾಬಿನ ಡಬ್ಬಿಯಿಂದ ಎತ್ತಿಕೊಂಡು ಬರಬೇಡಿ.