ಮ್ಯಾಕ್ಸ್‌ಫೋರ್ಸ್ ಪರಿಹಾರಕ್ಕೆ ಐದರಲ್ಲಿ ಎರಡೂವರೆ ಸ್ಟಾರ್

ಶಿಕಾಗೋ ಪಕ್ಕದ ಜೋಲಿಯೆಟ್‌ನಲ್ಲಿ ನಾನು ಸಣ್ಣ ಟ್ರಕ್ ಮಾಲೀಕರ ಲೆಕ್ಕಪತ್ರ ನೋಡುತ್ತೇನೆ. ಒಂದು ಟ್ರಕ್ ಇರುವವರು, ಮೂರು ಇರುವವರು, ಹೆಚ್ಚೆಂದರೆ ಹತ್ತು. ಪಂಜಾಬಿಗಳೇ ಜಾಸ್ತಿ, ಆಮೇಲೆ ಲಿಥುವೇನಿಯಾದವರು. ಟ್ರಕ್ ತಯಾರಿಸುವ ನವಿಸ್ಟಾರ್ ಕಂಪನಿಯ ಮ್ಯಾಕ್ಸ್‌ಫೋರ್ಸ್ ಡೀಸೆಲ್ ಎಂಜಿನ್ ಕೇಸು ರಾಜಿಯಾದಾಗ ಇವರಲ್ಲಿ ಕೆಲವರಿಗೆ ಪರಿಹಾರದ ಅರ್ಜಿ ತುಂಬಿಕೊಟ್ಟವಳು ನಾನೇ. ಮಿಕ್ಸಿಗೆ, ಹೋಟೆಲಿಗೆ ಎಲ್ಲರೂ ಸ್ಟಾರ್ ಕೊಡುತ್ತಾರೆ. ಇದಕ್ಕೂ ಯಾರಾದರೂ ಕೊಡಬೇಕು ಅಲ್ವಾ?

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 2010ರಿಂದ ದೊಡ್ಡ ಡೀಸೆಲ್ ಎಂಜಿನ್‌ಗಳ ಹೊಗೆಗೆ ತುಂಬಾ ಬಿಗಿಯಾದ ನಿಯಮ ಬಂತು. ಉಳಿದ ಕಂಪನಿಗಳು ಎಸ್‌ಸಿಆರ್ ದಾರಿ ಹಿಡಿದವು. ಅಂದರೆ ಎಂಜಿನ್ನಿನಿಂದ ಹೊರಬಂದ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸುವುದು. ಬಿಎಸ್6 ಹೊಗೆ ನಿಯಮ ಬಂದ ಮೇಲೆ ನಮ್ಮ ಊರ ಕಡೆಯ ಲಾರಿಯವರಿಗೂ ಆ ನೀಲಿ ಮುಚ್ಚಳದ ಟ್ಯಾಂಕು ಗೊತ್ತು. ನವಿಸ್ಟಾರ್ ಮಾತ್ರ ಅದು ಬೇಡ ಅಂದಿತು. ಹೊಗೆಯನ್ನು ತಣ್ಣಗೆ ಮಾಡಿ, ಒಂದಷ್ಟನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಇಜಿಆರ್ ಒಂದರಿಂದಲೇ ಕೆಲಸ ಮುಗಿಸುತ್ತೇನೆ ಅಂತ ಹೊರಟಿತು. ಯೂರಿಯಾ ತುಂಬುವ ಗೋಜಿಲ್ಲ ಅನ್ನುವುದು ಮಾರುವಾಗಿನ ದೊಡ್ಡ ಮಾತು. ಆದರೆ ಹೊಗೆ ತಿರುಗಿ ಬಂದರೆ ಮಸಿಯೂ ಬರುತ್ತದೆ, ಬಿಸಿಯೂ ಬರುತ್ತದೆ. ಇಜಿಆರ್ ಭಾಗಗಳು ಪದೇ ಪದೇ ಕೈಕೊಡುತ್ತವೆ, ಟ್ರಕ್ಕು ರಸ್ತೆಗಿಂತ ಗ್ಯಾರೇಜಿನಲ್ಲೇ ಜಾಸ್ತಿ ಇರುತ್ತದೆ ಅಂತ ಮಾಲೀಕರು ಕೋರ್ಟಿಗೆ ಹೋದರು. 2012ರಲ್ಲಿ ಕಂಪನಿಯೇ ಆ ದಾರಿ ಬಿಟ್ಟು ಎಸ್‌ಸಿಆರ್ ಕಡೆ ತಿರುಗಿತು. ತನ್ನ ಟ್ರಕ್ಕಿಗೆ ಕಮಿನ್ಸ್ ಅನ್ನುವ ಬೇರೆ ಕಂಪನಿಯ ಎಂಜಿನ್ ಕೂರಿಸುವುದಾಗಿ ಹೇಳಿತು.

ಬೇರೆ ಬೇರೆ ಕಡೆಯ ಕೇಸುಗಳನ್ನೆಲ್ಲ ಶಿಕಾಗೋದ ಫೆಡರಲ್ ಕೋರ್ಟಿನಲ್ಲಿ ಒಟ್ಟು ಸೇರಿಸಿದರು. 2019ರಲ್ಲಿ ರಾಜಿಯಾಯಿತು. 2020ರ ಜನವರಿಯಲ್ಲಿ ಕೋರ್ಟಿನ ಕೊನೆಯ ಒಪ್ಪಿಗೆ ಸಿಕ್ಕಿತು. ಒಟ್ಟು ಮೊತ್ತ 13.5 ಕೋಟಿ ಡಾಲರ್. ಕೇಳೋಕೆ ಭಾರಿ. ಬಿಡಿಸಿ ನೋಡಿದರೆ ನಗದು 8.5 ಕೋಟಿ. ಉಳಿದ 5 ಕೋಟಿ, ಅದೇ ಕಂಪನಿಯಲ್ಲಿ ಹೊಸ ಟ್ರಕ್ ಕೊಂಡರೆ ಸಿಗುವ ರಿಯಾಯಿತಿ. ತಪ್ಪು ಮಾಡಿದ್ದೇವೆ ಅಂತ ಕಂಪನಿ ಎಲ್ಲೂ ಒಪ್ಪಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. 2011ರಿಂದ 2014ರ ಮಾಡೆಲ್, ಮ್ಯಾಕ್ಸ್‌ಫೋರ್ಸ್ 11 ಅಥವಾ 13 ಲೀಟರ್ ಎಂಜಿನ್ ಇದ್ದರೆ ಸೆಕೆಂಡ್ ಹ್ಯಾಂಡ್ ಕೊಂಡವರಿಗೂ ಪಾಲಿತ್ತು. ನನ್ನ ಗಿರಾಕಿಗಳಲ್ಲಿ ಹೊಸ ಟ್ರಕ್ ಕೊಳ್ಳುವವರು ಅಪರೂಪ. ಹಾಗಾಗಿ ಇದು ದೊಡ್ಡ ವಿಷಯ. ನಗದಿಗೆ ಅರ್ಜಿ ಹಾಕುವುದೂ ಸುಲಭವಿತ್ತು. ಟ್ರಕ್ ನಿಮ್ಮದು ಅಂತ ತೋರಿಸಿದರೆ ಸಾಕಿತ್ತು, ಕೆಟ್ಟಿತ್ತು ಅಂತ ರುಜುವಾತು ಮಾಡಬೇಕಿರಲಿಲ್ಲ. ಎಷ್ಟು ತಿಂಗಳು ಇಟ್ಟುಕೊಂಡಿದ್ದಿರೋ ಅದರ ಮೇಲೆ ಒಂದು ಟ್ರಕ್ಕಿಗೆ 2,500 ಡಾಲರ್‌ವರೆಗೆ. ಅದರ ಬದಲು ರಿಯಾಯಿತಿ ಬೇಕಿದ್ದರೆ 10,000 ಡಾಲರ್‌ವರೆಗೆ. ನೂರು ಟ್ರಕ್ ಓಡಿಸುವ ಕಂಪನಿ ಹೇಗೂ ಹೊಸದು ಕೊಳ್ಳುತ್ತಲೇ ಇರುತ್ತದೆ, ಅವರಿಗೆ ಅದು ದುಡ್ಡೇ. ನನ್ನ ಸರ್ದಾರ್ಜಿ ಒಬ್ಬರು ಕಾಗದ ನೋಡಿ ಹೇಳಿದರು: "ಭೆಹನ್‌ಜೀ, ಹುಳಿ ಮಾವು ಮಾರಿದವನು ಮುಂದಿನ ಬುಟ್ಟಿಗೆ ರೇಟು ಇಳಿಸುತ್ತೇನೆ ಅಂದ ಹಾಗಾಯಿತು." ಅವರು ನಗದು ತಗೊಂಡರು.

ನಾನು ಸ್ಟಾರ್ ಕಳೆದದ್ದು ಮೂರನೆಯ ದಾರಿಗೆ. ರಿಪೇರಿಗೆ ನಿಜವಾಗಿ ಖರ್ಚು ಮಾಡಿದ್ದನ್ನು ಕಾಗದದ ಮೇಲೆ ತೋರಿಸಿದರೆ ಒಂದು ಟ್ರಕ್ಕಿಗೆ 15,000 ಡಾಲರ್‌ವರೆಗೆ ಕೇಳಬಹುದಿತ್ತು. ನ್ಯಾಯವಾಗಿ ಎಲ್ಲರೂ ಕೇಳಬೇಕಿದ್ದದ್ದು ಇದೇ. ಆದರೆ ಕಾಗದ ಎಲ್ಲಿದೆ? ದೊಡ್ಡ ಕಂಪನಿಗೆ ಅದರದೇ ವರ್ಕ್‌ಶಾಪ್, ಪ್ರತಿ ಬೋಲ್ಟಿಗೂ ಕಂಪ್ಯೂಟರಿನಲ್ಲಿ ಲೆಕ್ಕ. ಒಂಟಿ ಟ್ರಕ್ಕಿನವನು ರಾತ್ರಿ ಹೈವೇಯಲ್ಲಿ ನಿಂತರೆ ಹತ್ತಿರ ಯಾರು ಸಿಗುತ್ತಾರೋ ಅವರ ಕೈಲಿ ಕೆಲಸ ಮಾಡಿಸುತ್ತಾನೆ. ಇಂಡಿಯಾನಾದ ಒಂದು ಗ್ಯಾರೇಜಿನ ಬಿಲ್ಲು ನನ್ನ ಫೈಲಿನಲ್ಲಿ ಇವತ್ತಿಗೂ ಇದೆ. ಕೈಬರಹ. "ಎಂಜಿನ್ ಕೆಲಸ" ಅಂತ ಒಂದು ಸಾಲು, ಕೆಳಗೆ ಮೊತ್ತ. ಚಾಸಿ ನಂಬರ್ ಇಲ್ಲ, ಯಾವ ಭಾಗ ಬದಲಾಯಿಸಿದರು ಅಂತ ಇಲ್ಲ. ಅದು ಇಜಿಆರ್ ಕೂಲರ್ ಆಗಿರಬಹುದು, ಸುಮ್ನೆ ಬೆಲ್ಟ್ ಆಗಿರಬಹುದು. ಫೋನು ಮಾಡಿ ಇನ್ನೊಂದು ಬಿಲ್ಲು ಕೊಡಿ ಅಂದರೆ, ಅಷ್ಟು ಹಳೆಯದು ನಮ್ಮಲ್ಲಿಲ್ಲ ಅಂತ ಇಟ್ಟುಬಿಟ್ಟರು. ಗಡುವು 2020ರ ಮೇ ತಿಂಗಳು. ಆಗ ಕೊರೊನಾ ಬೇರೆ, ಅರ್ಧ ಆಫೀಸುಗಳಿಗೆ ಬೀಗ. ಆ ಬಿಲ್ಲಿನ ಟ್ರಕ್ ಮಾಲೀಕರ ಅರ್ಜಿಯನ್ನೂ ಕೊನೆಗೆ ನಗದಿಗೇ ಹಾಕಿದೆ.

ಹಾಗಾದರೆ ರಾಜಿಗೆ ಸೇರದೆ ಒಬ್ಬರೇ ಹೋರಾಡಿದ್ದರೆ? ಟೆನ್ನೆಸಿಯ ಮಿಲನ್ ಎಂಬ ಸಾಗಣೆ ಕಂಪನಿ ಹಾಗೆ ಹೋರಾಡಿತು. ಅವರದು ಇನ್ನೂರಕ್ಕೂ ಹೆಚ್ಚು ಟ್ರಕ್. 2017ರಲ್ಲಿ ಜ್ಯೂರಿ 3 ಕೋಟಿ ಡಾಲರ್‌ಗೂ ಜಾಸ್ತಿ ಕೊಡಿಸಿತು. ಇಲ್ಲಿನ ಟ್ರಕ್ ಮಂದಿಗೆಲ್ಲ ಹಬ್ಬ. ಮೇಲಿನ ಕೋರ್ಟು ಅದನ್ನು ಅಳಿಸಿತು, 2021ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೂ ಅಳಿಸಿದ್ದೇ ಸರಿ ಅಂದಿತು. ಇನ್ನೂ ಕೆಲವರು ರಾಜಿಯ ನಡುವೆಯೇ ಬೇರೆ ಕೋರ್ಟಿನಲ್ಲಿ ತಮ್ಮ ಕೇಸು ನಡೆಸುತ್ತಿದ್ದರು. ಇಂಥ ರಾಜಿಯಲ್ಲಿ ಹೊರಗೆ ಅಂತ ಬರೆದು ತಿಳಿಸದವರೆಲ್ಲ ಒಳಗೇ ಅಂತ ಲೆಕ್ಕ; ಹಾಗೆ ತಿಳಿಸಬೇಕಾದ ಗಡುವು ಅವರಿಗೆ ತಪ್ಪಿತು. ಬೇರೆ ಕೇಸು ನಡೆಸಿದ್ದೇ ಹೊರಬಂದ ಲೆಕ್ಕ ಅಲ್ಲವೇ ಅಂತ ವಾದಿಸಿದರು. ಅಲ್ಲ ಅಂತ 2021ರಲ್ಲಿ ಫೆಡರಲ್ ಅಪೀಲು ಕೋರ್ಟು ಹೇಳಿತು. ಇದನ್ನೆಲ್ಲ ನೋಡಿದ ಮೇಲೆ ಕೈಗೆ ಬರುವ 2,500 ನನಗೆ ಅಷ್ಟು ಸಣ್ಣದಾಗಿ ಕಾಣಲಿಲ್ಲ. ಒಂದೂವರೆ ಇದ್ದ ಸ್ಟಾರು ಎರಡೂವರೆ ಆದದ್ದು ಆಗಲೇ.

2021ರ ಕೊನೆಯಲ್ಲಿ ನವಿಸ್ಟಾರ್ ಮತ್ತೆ 5.2 ಕೋಟಿ ಡಾಲರ್ ಕಟ್ಟಲು ಒಪ್ಪಿದ ಸುದ್ದಿ ಬಂದಾಗ ನನ್ನ ಫೋನಿಗೆ ಪುರುಸೊತ್ತೇ ಇರಲಿಲ್ಲ. ಅದರಲ್ಲಿ ಟ್ರಕ್ಕಿನವರಿಗೆ ಪಾಲಿಲ್ಲ. 2010ರಲ್ಲಿ ಮುಗಿಸಿದ ಕೆಲವು ಎಂಜಿನ್‌ಗಳನ್ನು 2009ರ ಮಾಡೆಲ್ ಅಂತ ಮಾರಿದ್ದಕ್ಕೆ ಸರ್ಕಾರಕ್ಕೆ ಕಟ್ಟಿದ ದಂಡ ಅದು.

ಊರಿಂದಲೂ ಒಬ್ಬರು ಕೇಳಿದರು, ಅದಕ್ಕೆ ಇಲ್ಲೇ ಬರೆದುಬಿಡುತ್ತೇನೆ. ಮಹೀಂದ್ರ ನವಿಸ್ಟಾರ್ ಲಾರಿಗಳ ಮೇಲೂ ಮ್ಯಾಕ್ಸ್‌ಫೋರ್ಸ್ ಅನ್ನುವ ಹೆಸರು ಇತ್ತು, ನಿಜ. ಅದು 7.2 ಲೀಟರಿನ ಬೇರೆ ಎಂಜಿನ್. ಈ ಕೇಸಿಗೂ ಅದಕ್ಕೂ ಸಂಬಂಧ ಇಲ್ಲ.