ಮುಂದಿನ ಸೀಟು, ಹಿಂದಿನ ಸೀಟು, ಟ್ರೇಲರ್: ಪುಟ್ಟ ಮಗು ಜೊತೆ ಸೈಕಲ್ ಪ್ರವಾಸಕ್ಕೆ ಯಾವುದು?

ಮಗುವನ್ನು ಸೈಕಲ್‌ನಲ್ಲಿ ಕರೆದುಕೊಂಡು ಹೋಗಲು ದಾರಿಗಳು ಬೇಕಾದಷ್ಟಿವೆ. ಹ್ಯಾಂಡಲ್ ಪಕ್ಕದಲ್ಲೇ ಕೂರಿಸುವ ಮುಂದಿನ ಸೀಟು, ಬೆನ್ನ ಹಿಂದಿನ ಸೀಟು, ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್, ಮುಂದೆ ದೊಡ್ಡ ಪೆಟ್ಟಿಗೆ ಇರುವ ಕಾರ್ಗೋ ಸೈಕಲ್. ನಾವು ನಾಲ್ಕನ್ನೂ ಓಡಿಸಿ ನೋಡಿದ್ದೇವೆ. ಕೆಲವು ಸ್ವಂತದ್ದು, ಕೆಲವು ಗೆಳೆಯರಿಂದ ಎರವಲು ತಂದದ್ದು. ಮನೆಯ ಸುತ್ತಮುತ್ತ ಅರ್ಧ ಗಂಟೆ ಹೋಗಿ ಬರೋದಕ್ಕೆ ಯಾವುದಾದರೂ ನಡೆಯುತ್ತದೆ. ಟೆಂಟು, ಹಾಸಿಗೆ, ಪಾತ್ರೆ ಎಲ್ಲ ಕಟ್ಟಿಕೊಂಡು ರಾತ್ರಿ ಹೊರಗೆ ತಂಗುವ ಪ್ರವಾಸದ ಲೆಕ್ಕವೇ ಬೇರೆ. ಅಲ್ಲಿ ಸೈಕಲ್ ಎಷ್ಟು ಚೆನ್ನಾಗಿ ಓಡುತ್ತದೆ ಅನ್ನೋದು ಆಮೇಲಿನ ಮಾತು. ನಿಂತಾಗ ಏನಾಗುತ್ತದೆ, ಮಗು ನಿದ್ದೆ ಹೋದಾಗ ಏನಾಗುತ್ತದೆ, ಅದನ್ನು ಮೊದಲು ನೋಡಬೇಕು. ಯಾಕಂದರೆ ದಿನದ ಹೆಚ್ಚಿನ ಹೊತ್ತು ನಾವು ನಿಂತೇ ಇರುತ್ತೇವೆ. ಹಾಲು, ಬಟ್ಟೆ ಬದಲಿಸೋದು, ಅಳು, ಆಟ, ಮತ್ತೆ ಹಾಲು.

ವಯಸ್ಸಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದು ವರ್ಷ ತುಂಬುವ ತನಕ ಮಗುವನ್ನು ಸೈಕಲ್ ಸವಾರಿಗೆ ಕರೆದೊಯ್ಯಬೇಡಿ ಅನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. ಸೀಟು ತಯಾರಿಸುವ ಎಷ್ಟೋ ಕಂಪನಿಗಳು 9 ತಿಂಗಳಿಂದಲೇ ಆಗುತ್ತದೆ ಅನ್ನುತ್ತವೆ. ನಾವು ಒಂದು ವರ್ಷ ಕಾದೆವು. ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. ಕತ್ತು ಗಟ್ಟಿಯಾಗಿ, ಆಸರೆ ಇಲ್ಲದೆ ಕೂರೋದು ಬಂದ ಮೇಲೇ ಹೆಲ್ಮೆಟ್‌ನ ಭಾರ ಹೊರೋದು ಸಾಧ್ಯ. ಎದೆಗೋ ಬೆನ್ನಿಗೋ ಮಗುವನ್ನು ಕಟ್ಟಿಕೊಂಡು ಸೈಕಲ್ ಹೊಡೆಯೋದು ಮಾತ್ರ ಬೇಡವೇ ಬೇಡ. ಬಿದ್ದರೆ ನಿಮ್ಮ ಎತ್ತರದಿಂದಲೇ ಬೀಳುತ್ತದೆ, ಅದೂ ನಿಮ್ಮ ಮೈಭಾರದ ಜೊತೆ.

ಮುಂದಿನ ಸೀಟು

ಖುಷಿಯ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಮಗು ನಿಮ್ಮ ಎರಡು ತೋಳುಗಳ ನಡುವೆ ಇರುತ್ತದೆ. ದಾರಿಯೆಲ್ಲ ಅದಕ್ಕೂ ಕಾಣುತ್ತದೆ. ಹಸು ಕಂಡರೆ ಕೈ ತೋರಿಸುತ್ತದೆ, ನೀವು ಉತ್ತರ ಕೊಡಬಹುದು. ಮುಖ ಒರೆಸಬಹುದು, ಟೋಪಿ ಸರಿ ಮಾಡಬಹುದು. ಭಾರ ಹ್ಯಾಂಡಲ್‌ಗೆ ಹತ್ತಿರ ಇರೋದರಿಂದ ತಿರುಗಿಸುವಾಗ ಮೊದಲು ಸ್ವಲ್ಪ ಗಡುಸು ಅನಿಸುತ್ತದೆ. ಬೇಗ ರೂಢಿಯಾಗುತ್ತದೆ.

ಆದರೆ ಪ್ರವಾಸಕ್ಕೆ ಇದು ಒಗ್ಗಲಿಲ್ಲ. ಎದುರುಗಾಳಿಯೆಲ್ಲ ಮಗುವಿನ ಮುಖಕ್ಕೇ ಬಡಿಯುತ್ತದೆ. ಗಾಳಿತಡೆ ಹಾಕಿದರೂ ಕಾಲು ತಣ್ಣಗಾಗುತ್ತದೆ. ಮಂಡಿ ಹೊರಕ್ಕೆ ಮಾಡಿಕೊಂಡೇ ಪೆಡಲ್ ತುಳಿಯಬೇಕು. ದಿನವಿಡೀ ಹಾಗೆ ತುಳಿದರೆ ಸಂಜೆ ಮಂಡಿ ಮಾತಾಡುತ್ತದೆ. ಹ್ಯಾಂಡಲ್ ಚೀಲಕ್ಕೆ ಜಾಗ ಇಲ್ಲ. ಯುರೋಪಿನ ಇಎನ್ 14344 ಗುಣಮಟ್ಟದಲ್ಲಿ ಮುಂದಿನ ಸೀಟಿಗೆ ಹೇಳಿರುವ ಮಿತಿ 15 ಕಿಲೋ, ಹಾಗಾಗಿ ಜಾಸ್ತಿ ದಿನ ಬಾಳೋದೂ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ನಿದ್ದೆ. ಸೈಕಲ್ ಹೊರಟು ಸ್ವಲ್ಪ ಹೊತ್ತಿಗೆಲ್ಲ ನಮ್ಮ ಮಗಳು ಗೊರಕೆ. ತಲೆ ಮುಂದಕ್ಕೆ ಜೋತು ಬೀಳುತ್ತದೆ. ಗದ್ದ ಎದೆಗೆ ತಾಗಿದರೆ ಉಸಿರಾಟಕ್ಕೇ ಅಡ್ಡಿ. ಒಂದು ಕೈಯಲ್ಲಿ ಹಣೆ ಹಿಡಿದು, ಇನ್ನೊಂದು ಕೈಯಲ್ಲಿ ಸೈಕಲ್ ಹೊಡೆಯುವವರನ್ನು ನೋಡಿದ್ದೇನೆ. ಅದು ಪ್ರವಾಸ ಅಲ್ಲ, ಸರ್ಕಸ್ಸು.

ಹಿಂದಿನ ಸೀಟು

ಇದು ಹಗುರ, ಸುಲಭವಾಗಿ ಸಿಗುತ್ತದೆ, ಮಿತಿ 22 ಕಿಲೋ. ಬೆನ್ನಿನ ಭಾಗ ಹಿಂದಕ್ಕೆ ಬಾಗುವಂಥದ್ದು ಸಿಕ್ಕಿದರೆ ನಿದ್ದೆಯ ತೊಂದರೆ ಅರ್ಧ ಕಡಿಮೆ, ಅರ್ಧ ಮಾತ್ರ. ಮಗು ಮಲಗಿದೆಯೋ ಎದ್ದಿದೆಯೋ ನಿಮಗೆ ಕಾಣೋದಿಲ್ಲ. ಹಿಂದೆ ಬರುವವರು ಕೂಗಿ ಹೇಳಬೇಕು. ಅದಕ್ಕೆ ಮಗು ಇರುವ ಸೈಕಲ್ ಯಾವಾಗಲೂ ಮುಂದೆ, ಇನ್ನೊಬ್ಬರು ಹಿಂದೆ ಅಂತ ನಮ್ಮಲ್ಲಿ ನಿಯಮ ಇತ್ತು.

ಸಾಮಾನಿನ ಸಮಸ್ಯೆ ಶುರುವಾಗೋದು ಇಲ್ಲಿ. ಹಿಂದಿನ ಕ್ಯಾರಿಯರ್ ಇಕ್ಕೆಲದ ಚೀಲಗಳ ಜಾಗಕ್ಕೆ ಮಗುವಿನ ಕಾಲು ಬಂದುಬಿಡುತ್ತದೆ. ಹಾಗಾಗಿ ಚೀಲ ಎಲ್ಲ ಮುಂದಿನ ಚಕ್ರದ ಪಕ್ಕಕ್ಕೆ, ಉಳಿದದ್ದು ಜೊತೆಗಿರುವವರ ಸೈಕಲ್‌ಗೆ. ನಮ್ಮ ಮನೆಯವರ ಸೈಕಲ್ ಆಗ ಸಾಮಾನು ಸಾಗಿಸುವ ಲಾರಿಯಂತೆ ಕಾಣುತ್ತಿತ್ತು. ಸೀಟಿನಲ್ಲಿ ಮಗು ಎತ್ತರದಲ್ಲಿ ಕೂತಿರುತ್ತದೆ, ಅದು ಪಕ್ಕಕ್ಕೆ ವಾಲಿದರೆ ಸೈಕಲ್ಲೂ ವಾಲುತ್ತದೆ. ನಿಧಾನದ ಏರಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ನಿಲ್ಲಿಸೋದು. ಸೀಟಿನಲ್ಲಿ ಮಗುವನ್ನು ಬಿಟ್ಟು, ಸ್ಟ್ಯಾಂಡ್ ನಂಬಿ, ಒಂದು ಕ್ಷಣವೂ ಕೈ ತೆಗೆಯುವಂತಿಲ್ಲ. ಎರಡು ಕಾಲಿನ ಸ್ಟ್ಯಾಂಡ್ ಇದ್ದರೂ ಅಷ್ಟೇ. ಮೆತ್ತಗಿನ ನೆಲದಲ್ಲಿ ಒಂದು ಕಾಲು ಹೂತರೆ ಮುಗಿಯಿತು. ಅಂದರೆ ಪ್ರತಿ ಸಲ ನಿಂತಾಗಲೂ ಬೆಲ್ಟು ಬಿಚ್ಚಿ ಮಗುವನ್ನು ಇಳಿಸಬೇಕು. ಆಗ ತಾನೇ ಮಲಗಿದ ಮಗುವನ್ನು, ಅಲ್ವಾ! ಒಬ್ಬರೇ ಹೊರಟರೆ ಇನ್ನೂ ಕಷ್ಟ. ಒಂದು ರಾತ್ರಿ ತಂಗಿ ಬರುವ ಸಣ್ಣ ಸುತ್ತಿಗೆ ಇದು ಸಾಕು. ಅದಕ್ಕಿಂತ ಜಾಸ್ತಿ ಅಂದರೆ ನಾನು ಒಪ್ಪೋದಿಲ್ಲ.

ಟ್ರೇಲರ್

ನಾವು ಕೊನೆಗೆ ಉಳಿಸಿಕೊಂಡದ್ದು ಎರಡು ಚಕ್ರದ ಟ್ರೇಲರ್. ಥೂಲೆ, ಬರ್ಲಿ ಇಂಥ ಕಂಪನಿಗಳು ಮಾಡುವ ಜಾತಿಯದು. ಸೈಕಲ್‌ನ ಹಿಂದಿನ ಆಕ್ಸಲ್‌ಗೆ, ಎಡಬದಿಯಲ್ಲಿ, ತಿರುಗುವ ಕೊಂಡಿಯಿಂದ ಸೇರಿಸುತ್ತಾರೆ. ಕೊಂಡಿ ತಿರುಗೋದರಿಂದ ಸೈಕಲ್ ಅಡ್ಡ ಬಿದ್ದರೂ ಟ್ರೇಲರ್ ಸಾಮಾನ್ಯವಾಗಿ ನಿಂತೇ ಇರುತ್ತದೆ. ಮಗು ನೆಲಕ್ಕೆ ಹತ್ತಿರ, ಸುತ್ತ ಚೌಕಟ್ಟು. ಮೇಲೆ ಹೇಳಿದ ಅಕಾಡೆಮಿಯೂ ಹಿಂದಿನ ಸೀಟಿಗಿಂತ ಟ್ರೇಲರ್ ಮೇಲು ಅನ್ನುತ್ತದೆ.

ಆದರೆ ನನ್ನ ಮನಸ್ಸು ಗೆದ್ದದ್ದು ನಿಂತಾಗ. ಮಗು ಮಲಗಿದ್ದರೆ ಮಲಗಿರಲಿ, ಬ್ರೇಕ್ ಹಾಕಿ ನೆರಳಲ್ಲಿ ನಿಲ್ಲಿಸಿ ನಾವು ಊಟ ಮಾಡಬಹುದು. ಸೊಳ್ಳೆ ಬಂದರೆ ಜಾಲರಿ ಎಳೆದರಾಯಿತು. ಮಳೆ ಬಂದರೆ ಒಳಗೇ ಆಟ. ಸೈಕಲ್‌ನಿಂದ ಬಿಚ್ಚಿ ಮುಂದೊಂದು ಚಕ್ರ ಸಿಕ್ಕಿಸಿದರೆ ತಳ್ಳುಗಾಡಿ. ಟೆಂಟು ಹಾಕುವ ಹೊತ್ತಿಗೆ ಮಗುವನ್ನು ಕೂರಿಸಲು ಒಂದು ಭದ್ರ ಜಾಗ ಇದೆ ಅನ್ನೋದೇ ದೊಡ್ಡದು. ಹಿಂದಿನ ಸೀಟಿನ ದಿನಗಳಲ್ಲಿ ಒಬ್ಬರು ಮಗುವನ್ನು ಎತ್ತಿಕೊಂಡು ನಿಲ್ಲಬೇಕಿತ್ತು, ಇನ್ನೊಬ್ಬರು ಕತ್ತಲಾಗುವ ತನಕ ಗೂಟ ಹೊಡೆಯಬೇಕಿತ್ತು.

ಸುಮ್ನೆ ಹೊಗಳೋದು ಬೇಡ, ಕಷ್ಟಗಳೂ ಹೇಳುತ್ತೇನೆ. ಟ್ರೇಲರ್ ಭಾರವೇ 10 ಕಿಲೋ ದಾಟುತ್ತದೆ. ಮಗು, ಡೈಪರ್, ಬಟ್ಟೆ, ನೀರು ಸೇರಿದರೆ 30 ಕಿಲೋ ಹತ್ತಿರ. ಏರಿನಲ್ಲಿ ಯಾರೋ ಹಿಂದಿನಿಂದ ಹಿಡಿದು ಎಳೆದಂತಾಗುತ್ತದೆ. ಚಿಕ್ಕ ಗೇರ್ ಇಲ್ಲದ ಸೈಕಲ್‌ಗೆ ಕಟ್ಟಬೇಡಿ. ಇಳಿಜಾರಿನಲ್ಲಿ ಅದೇ ಭಾರ ಮುಂದಕ್ಕೆ ತಳ್ಳುತ್ತದೆ, ಒದ್ದೆ ರಸ್ತೆಯಲ್ಲಂತೂ ಮೊದಲೇ ಬ್ರೇಕ್ ಹಿಡಿಯಬೇಕು. ಸಾಮಾನನ್ನು ಟ್ರೇಲರ್‌ನ ತೀರಾ ಹಿಂದೆ ತುಂಬಿದರೆ ಕೊಂಡಿಯ ಕಡೆ ಮೇಲಕ್ಕೆ ಎದ್ದು ಸೈಕಲ್ ತೂಗಾಡುತ್ತದೆ. ಭಾರದ್ದು ತಳದಲ್ಲಿ, ಚಕ್ರದ ಹತ್ತಿರ ಇರಬೇಕು.

ಅಗಲದ್ದು ಇನ್ನೊಂದು ತಲೆನೋವು. ಸೈಕಲ್‌ನದು ಒಂದು ಗೆರೆ, ಟ್ರೇಲರ್‌ನದು ಎರಡು. ಗುಂಡಿಯನ್ನು ನೀವು ತಪ್ಪಿಸಿದರೂ ಅದರಲ್ಲೊಂದು ಚಕ್ರ ಇಳಿದೇ ಇಳಿಯುತ್ತದೆ. ತಿರುವಿನಲ್ಲಿ ಒಳಬದಿಯ ಚಕ್ರ ಕಲ್ಲನ್ನೋ ಕಟ್ಟೆಯನ್ನೋ ಹತ್ತಿದರೆ ಮಗುಚಬಹುದು. ಐದು ಕಡೆಯ ಬೆಲ್ಟನ್ನು ಯಾವಾಗಲೂ ಬಿಗಿಯಾಗಿ ಹಾಕಲೇಬೇಕು ಅನ್ನೋದು ಇದಕ್ಕೇ. ಸ್ಪ್ರಿಂಗ್ ಇರುವ ಟ್ರೇಲರ್‌ಗೆ ಸ್ವಲ್ಪ ಜಾಸ್ತಿ ಹಣ ಹೋದರೂ ಸಾರ್ಥಕ. ಟೈರ್‌ನಲ್ಲಿ ಗಾಳಿಯನ್ನು ಅದರ ಮೇಲೆ ಬರೆದಿರುವ ಕಡಿಮೆ ಮಿತಿಯ ಹತ್ತಿರ ಇಟ್ಟರೆ ಕುಲುಕಾಟ ಇನ್ನೂ ತಗ್ಗುತ್ತದೆ.

ಸೈಕಲ್‌ನ ಹಿಂದಿನ ಚಕ್ರ ಕಲ್ಲು, ಕೆಸರು, ಧೂಳನ್ನೆಲ್ಲ ಮಗುವಿನ ಕಡೆಗೇ ಎಸೆಯುತ್ತದೆ. ಉದ್ದದ ಮಡ್‌ಗಾರ್ಡ್ ಹಾಕಿ, ಟ್ರೇಲರ್‌ನ ಜಾಲರಿ ಮುಚ್ಚಿಯೇ ಹೊರಡಿ. ಪ್ಲಾಸ್ಟಿಕ್ ಹೊದಿಕೆಯನ್ನು ಮಳೆ, ಚಳಿಗೆ ಮಾತ್ರ ಇಳಿಸಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದರೆ ಒಳಗೆ ಕಾವು ತುಂಬಾ ಬೇಗ ಏರುತ್ತದೆ. ಚಳಿಯಲ್ಲಿ ಉಲ್ಟಾ. ತುಳಿಯುವ ನಮಗೆ ಬೆವರು, ಸುಮ್ಮನೆ ಕೂತ ಮಗುವಿಗೆ ನಡುಕ. ಮಗುವಿನ ಕೈ ಮುಟ್ಟಿ ನೋಡಿದರೆ ಗೊತ್ತಾಗೋದಿಲ್ಲ, ಕತ್ತಿನ ಹಿಂದೆ ಮುಟ್ಟಿ ನೋಡಿ. ಹೆಲ್ಮೆಟ್ ಆರಿಸುವಾಗ ಹಿಂಭಾಗ ಚಪ್ಪಟೆ ಇರುವಂಥದ್ದು ಹುಡುಕಿ. ಇಲ್ಲದಿದ್ದರೆ ಸೀಟಿಗೆ ಒರಗಿದಾಗ ತಲೆ ಮುಂದಕ್ಕೆ ದೂಡಿದ ಹಾಗಿರುತ್ತದೆ.

ಒಂಟಿ ಚಕ್ರದ ಟ್ರೇಲರ್ ಕೂಡ ಇದೆ. ಸೈಕಲ್‌ನ ಗೆರೆಯಲ್ಲೇ ಬರುತ್ತದೆ, ಕಾಡಿನ ಕಿರುದಾರಿಗೆ ತುಂಬಾ ಚೆನ್ನ. ಆದರೆ ಸೈಕಲ್ ವಾಲಿದ ಕಡೆ ಅದೂ ವಾಲುತ್ತದೆ. ಬಿಚ್ಚಿದರೆ ತಾನಾಗಿ ನಿಲ್ಲೋದಿಲ್ಲ. ನಿಂತಾಗಿನ ಅನುಕೂಲವೇ ಹೋಯಿತು ಅಂದರೆ ನನಗೆ ಅರ್ಧ ಲಾಭ ಹೋದ ಹಾಗೆ.

ಕಾರ್ಗೋ ಸೈಕಲ್ ಬಗ್ಗೆ ಎರಡೇ ಮಾತು. ಸಮತಟ್ಟು ಜಾಗದಲ್ಲಿ, ಮನೆಯಿಂದಲೇ ಹೊರಟು ಮನೆಗೇ ಬರೋದಾದರೆ ರಾಜಯೋಗ. ಮಗು ಕಣ್ಣೆದುರೇ, ಸಾಮಾನು ಕಾಲಡಿಗೆ. ಆದರೆ ಸುಮಾರು ಎರಡೂವರೆ ಮೀಟರ್ ಉದ್ದದ ಅದನ್ನು ರೈಲಿಗೆ ಹತ್ತಿಸಲು ಹೋಗಿ ನೋಡಿ, ಆಮೇಲೆ ಮಾತಾಡೋಣ.

ರಾತ್ರಿಗೆ

ಟೆಂಟಿನಲ್ಲಿ ನಮ್ಮ ಪೈಪೋಟಿ ಗುಮ್ಮಟದಂಥದ್ದಕ್ಕೂ ಸುರಂಗದಂಥದ್ದಕ್ಕೂ ನಡುವೆ. ಗುಮ್ಮಟವನ್ನು ಒಬ್ಬರೇ ನಿಲ್ಲಿಸಬಹುದು, ಗೂಟ ಇಲ್ಲದೆಯೂ ನಿಲ್ಲುತ್ತದೆ, ಕಲ್ಲು ನೆಲದಲ್ಲಿ ಬಚಾವ್. ಸುರಂಗಕ್ಕೆ ಗೂಟ ಬೇಕೇ ಬೇಕು. ಆದರೆ ಅಷ್ಟೇ ಭಾರಕ್ಕೆ ಅದರಲ್ಲಿ ಜಾಗ ಜಾಸ್ತಿ. ಮುಂದಿನ ಅಂಗಳದಂಥ ಭಾಗಕ್ಕೆ ಟ್ರೇಲರನ್ನೇ ಎಳೆದುಕೊಳ್ಳಬಹುದು. ಟ್ರೇಲರ್ ಬಂದ ಮೇಲೆ ನಾನು ಸುರಂಗದ ಕಡೆ ವಾಲಿದೆ. ನಮ್ಮ ಮನೆಯವರು ಈಗಲೂ ಗುಮ್ಮಟದ ಪಕ್ಷ. ಯಾವುದಾದರೂ ಸರಿ, ನೀವು ಎಷ್ಟು ಜನ ಇದ್ದೀರೋ ಅದಕ್ಕಿಂತ ಇನ್ನೊಬ್ಬರಿಗೆ ಜಾಗ ಇರುವುದನ್ನೇ ತನ್ನಿ. ಸ್ಟವ್ ಮಾತ್ರ ಒಳಗೆ ಹಚ್ಚಬಾರದು. ಬೆಂಕಿ ಒಂದು ಭಯ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು.

ಗಾಳಿ ತುಂಬುವ ಹಾಸಿಗೆ ನಮಗೆ ಸುಖ, ಮಗುವಿಗಲ್ಲ. ಮೆತ್ತಗೆ ತಗ್ಗುತ್ತದೆ, ಎರಡು ಹಾಸಿಗೆ ನಡುವಿನ ಸಂದಿಗೆ ಮಗು ಉರುಳುತ್ತದೆ. ಮಗುವಿಗೆ ತೆಳು ಫೋಮಿನ ಗಟ್ಟಿ ಹಾಸನ್ನೇ ಬೇರೆ ಹಾಸಿದೆವು. ದೊಡ್ಡವರ ಸ್ಲೀಪಿಂಗ್ ಬ್ಯಾಗು, ಬಿಡಿ ಕಂಬಳಿ ಎರಡೂ ಬೇಡ, ಮುಖದ ಮೇಲೆ ಬರುತ್ತವೆ. ಅಂಗಿಯ ಹಾಗೆ ತೊಡಿಸಿ ಜಿಪ್ ಹಾಕುವ ಮಗುವಿನ ಚೀಲವೇ ಸರಿ. ತೋಳು ಹೊರಗಿರುತ್ತದೆ, ತಲೆ ಒಳಗೆ ಜಾರೋದಿಲ್ಲ.

ಡೈಪರ್‌ನಲ್ಲಿ ಹಗಲಿಗೆ ಬಟ್ಟೆಯದು, ರಾತ್ರಿಗೆ ಬಿಸಾಡುವಂಥದ್ದು. ಬಿಸಿಲಿದ್ದರೆ ಬಟ್ಟೆಯದನ್ನು ಒಗೆದು ಟ್ರೇಲರ್ ಮೇಲೆ ಹರವಿದರೆ ಹೋಗ್ತಾ ಹೋಗ್ತಾ ಒಣಗುತ್ತದೆ. ಮೋಡ ಕವಿದ ದಿನಗಳಲ್ಲಿ ಈ ಲೆಕ್ಕ ನಡೆಯೋದಿಲ್ಲ, ಪೂರ್ತಿ ಬಿಸಾಡುವಂಥದ್ದೇ. ಅದರ ಕಸವನ್ನು ತೊಟ್ಟಿ ಸಿಗುವ ತನಕ ಹೊರಬೇಕು ಅನ್ನೋದು ನೆನಪಿರಲಿ.

ಟ್ರೇಲರ್ ಹೊಸದೇ ಆಗಬೇಕಿಲ್ಲ. ಮಕ್ಕಳು ಬೇಗ ಬೆಳೆಯೋದರಿಂದ ಒಳ್ಳೆಯ ಹಳೆಯವು ಸಿಗುತ್ತವೆ. ತಳದ ಬಟ್ಟೆ ಹರಿದಿದೆಯಾ, ಬೆಲ್ಟಿನ ಬಕಲ್ ಹಿಡಿಯುತ್ತಾ, ಚಕ್ರ ಅಲ್ಲಾಡುತ್ತಾ ನೋಡಿ. ಕೊಂಡಿಯ ಜೊತೆಗೆ ಇರುವ ಸುರಕ್ಷತೆಯ ಪಟ್ಟಿಯನ್ನೂ ಎಳೆದು ನೋಡಿ. ಕೊಂಡಿಯ ರಬ್ಬರಿನಲ್ಲಿ ಸಣ್ಣ ಬಿರುಕು ಕಂಡರೂ ಚೌಕಾಸಿ ಮಾಡೋದಕ್ಕೆ ಮುಂಚೆ ಹೊಸ ಕೊಂಡಿಯ ಬೆಲೆ ವಿಚಾರಿಸಿಕೊಳ್ಳಿ.