ಸೊಂಟಕ್ಕೆ ಕಟ್ಟುವ ಮೈಕ್: ಕ್ಯಾಂಪಸ್ ತೋರಿಸುವ ವಿದ್ಯಾರ್ಥಿಗಳಿಗೆ ಬೇಕೇ?

ಮೇಷ್ಟ್ರುಗಳು ಸೊಂಟಕ್ಕೆ ಬಿಗಿದುಕೊಳ್ಳುವ ಪುಟ್ಟ ಸ್ಪೀಕರ್ ಡಬ್ಬಿ, ಜೊತೆಗೆ ತಲೆಗೆ ಸಿಕ್ಕಿಸುವ ಮೈಕ್. ಹೊಸಬರಿಗೆ ಕ್ಯಾಂಪಸ್ ಸುತ್ತಿಸುವ ವಿದ್ಯಾರ್ಥಿಗಳಿಗೂ ಇದು ಒದಗುತ್ತದೆ. ಆದರೆ ತರಗತಿಯಲ್ಲಿ ಕೇಳುಗರು ಕೂತಿರುತ್ತಾರೆ, ಇಲ್ಲಿ ನಡೆಯುತ್ತಿರುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಹದಿನೈದು ಮಂದಿಯೊಳಗಿನ ಗುಂಪಿಗೆ ಇದು ಬೇಡ. ಇಪ್ಪತ್ತೈದು ದಾಟಿ, ಬಯಲಲ್ಲಿ ನಿಂತು ಮಾತಾಡಬೇಕಾದರೆ ಕೊಟ್ಟ ದುಡ್ಡು ದಂಡವಲ್ಲ. ಕೂಗಬೇಕಿಲ್ಲದ ಕಾರಣ ಗಂಟಲು ಉಳಿಯುತ್ತದೆ, ಮಾತಿನ ಏರಿಳಿತವೂ ಉಳಿಯುತ್ತದೆ.

ಡಬ್ಬಿ ಕಿರ್ರೆಂದು ಅರಚಿದರೆ ಬಹುತೇಕರು ಮೈಕನ್ನು ಬೈಯುತ್ತಾರೆ. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಸುತ್ತು ಹೊಡೆಯುವುದೇ ಆ ಅರಚಾಟ. ಗೋಡೆಗೆ ಮುಖ ಮಾಡಿ ನಿಂತರೆ, ಬಾಗಿದರೆ, ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಖಂಡಿತ ಬರುತ್ತದೆ. ಮೈಕನ್ನು ತುಟಿಯ ಅಂಚಿನಿಂದ ಎರಡು ಬೆರಳು ದೂರ, ಪಕ್ಕಕ್ಕೆ ಇಡಿ. ತುಟಿಗೆ ನೇರ ಇಟ್ಟರೆ 'ಪ', 'ಭ' ಬಂದಾಗಲೆಲ್ಲ ಡಬ್ ಡಬ್ ಎನ್ನುತ್ತದೆ.

ಹಿಂದಿನವರಿಗೆ ಕೇಳದಿದ್ದರೆ ವಾಲ್ಯೂಮ್ ಏರಿಸುವುದು ಪರಿಹಾರವಲ್ಲ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎಂಟು ಮೀಟರ್ ಆಚೆಯವರಿಗೆ ಕೇಳಿಸಲು ಹೋದರೆ ಎರಡು ಮೀಟರಿನವರ ಕಿವಿ ಕಿತ್ತುಹೋಗುತ್ತದೆ. ಅದಕ್ಕೇ ಗುಂಪಿನ ಬಾಲಕ್ಕೆ ಇನ್ನೊಬ್ಬ ಬೇಕು. ಕೊನೆಯವರು ಬಂದು ಅರ್ಧಚಂದ್ರಾಕಾರವಾಗಿ ನಿಂತ ಮೇಲೆ ಅವನು ಕೈ ಎತ್ತಬೇಕು. ಅಲ್ಲಿಯವರೆಗೆ ಮುಂದೆ ಮೈಕ್ ಹಿಡಿದು ಮಾತಾಡುವವಳು ವಿಷಯಕ್ಕೆ ಕೈ ಹಾಕಬಾರದು. ಇದೊಂದನ್ನು ಪಾಲಿಸುವ ಜೋಡಿಗೆ ಎಷ್ಟೋ ಕಡೆ ಮೈಕೇ ಬೇಕಾಗುವುದಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನೊಮ್ಮೆ ಮೈಕಿನಲ್ಲಿ ಹೇಳಿ, ಆಮೇಲೆ ಉತ್ತರಿಸಿ.

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯನ್ನೇ ತೆಗೆದುಕೊಳ್ಳಿ. ಕುಕ್ಕರಹಳ್ಳಿ ಕೆರೆಯ ಕಡೆ ಗಾಳಿ ಬೀಸುವಾಗ ಮೈಕಿಗೆ ಸ್ಪಾಂಜ್ ಟೋಪಿ ಇರಲೇಬೇಕು. ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದೊಳಗೆ ಡಬ್ಬಿ ಆಫ್. ಮಾನಸಗಂಗೋತ್ರಿ ಎಂಬ ಹೆಸರು ಕುವೆಂಪು ಇಟ್ಟದ್ದು ಎಂಬಂಥ ಮಾತನ್ನು ನಡೆಯುತ್ತ ಹೇಳಿ ಹಾಳುಮಾಡಬೇಡಿ, ನಿಂತು ಹೇಳಿ.

ವೈರ್ ಮೈಕ್ ಅಗ್ಗ. ಆದರೆ ಹಿಮ್ಮುಖವಾಗಿ ನಡೆಯುವಾಗ ಪಿನ್ ಸಡಿಲವಾಗಿ ಕರಕರ ಎನ್ನುತ್ತದೆ. ವೈರನ್ನು ಬೆಲ್ಟಿಗೆ ಒಂದು ಸುತ್ತು ಸುತ್ತಿದರೆ ಸಾಕು. ಬ್ಲೂಟೂತ್ ಮೈಕ್ ಬೇಡವೇ ಬೇಡ, ಅದರಲ್ಲಿ ಮಾತು ಸ್ಪೀಕರಿನಿಂದ ತುಸು ತಡವಾಗಿ ಹೊರಬರುತ್ತದೆ. ತನ್ನ ದನಿ ತನಗೇ ತಡವಾಗಿ ಕೇಳಿದರೆ ನಾಲಿಗೆ ತೊಡರುತ್ತದೆ, ಸುಮಾರು 200 ಮಿಲಿಸೆಕೆಂಡ್ ತಡವಾದರಂತೂ ಪಳಗಿದ ಮಾತುಗಾರರೂ ತಡವರಿಸುತ್ತಾರೆ. ಅದಕ್ಕಿಂತ ಪ್ರತ್ಯೇಕ ರಿಸೀವರ್ ಇರುವ ಯುಎಚ್‌ಎಫ್ (ರೇಡಿಯೊ ಅಲೆಯಲ್ಲಿ ದನಿ ಕಳಿಸುವ) ಸೆಟ್ಟು ವಾಸಿ.

ಡಬ್ಬಿಯ ಮೇಲೆ ಬರೆದ ವಾಟ್ ಲೆಕ್ಕ ನಂಬಬೇಡಿ. ಅಂಗಡಿಯ ಹೊರಗೆ ಸ್ನೇಹಿತನನ್ನು ಹತ್ತು ಹೆಜ್ಜೆ ಆಚೆ ನಿಲ್ಲಿಸಿ, ಮಾಮೂಲಿ ದನಿಯಲ್ಲಿ ಎರಡು ವಾಕ್ಯ ಓದಿ. ಅವನು ತಿರುಗಿ ಹೇಳಿದರೆ ಕೊಳ್ಳಿ.